ನರಹುಲಿಗೆ ಫ್ರೀಜಿಂಗ್ ಮಾಡಿಸಿದೆ, ಎರಡನೇ ದಿನಕ್ಕೆ ಕಪ್ಪು ಬೊಬ್ಬೆ ಎದ್ದಿದೆ. ಒಡೆಯಲಾ, ಬಿಡಲಾ?

ಸೂಜಿದಾರ | ಮಂಗಳವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಮನೆಯಲ್ಲೇ ಟೈಲರಿಂಗ್ ಮಾಡುತ್ತೇನೆ. ಬಲಗೈ ನಡುಬೆರಳಿನ ಪಕ್ಕದಲ್ಲಿ, ಸರಿಯಾಗಿ ಅಂಗುಸ್ತಾನ ಕೂರುವ ಜಾಗದಲ್ಲೇ, ಎರಡು ವರ್ಷದಿಂದ ಒಂದು ನರಹುಲಿ ಇತ್ತು. ಮೊದಲು ಸಾಸಿವೆಯಷ್ಟಿತ್ತು, ಆಮೇಲೆ ಕಡಲೆಯಷ್ಟಾಯಿತು. ರೇಷ್ಮೆ ಹಿಡಿದರೆ ಅದರ ಒರಟಿಗೆ ಎಳೆ ಸಿಕ್ಕಿಕೊಂಡು ಬರುತ್ತಿತ್ತು. ಮದುವೆ ಸೀಸನ್ ಶುರುವಾಗುವ ಮೊದಲು ಮುಗಿಸಿಬಿಡೋಣ ಅಂತ ನಿನ್ನೆ ಸಂಜೆ ಚರ್ಮದ ಡಾಕ್ಟರ ಹತ್ತಿರ ಹೋದೆ.

ಥರ್ಮಾಸ್ ಫ್ಲಾಸ್ಕ್ ಥರದ ಒಂದು ಉಕ್ಕಿನ ಡಬ್ಬಿ, ಅದಕ್ಕೊಂದು ಸಣ್ಣ ಮೂತಿ. ಒತ್ತಿದರೆ ಬುಸ್ ಅಂತ ಬಿಳಿ ಹೊಗೆ. ಹತ್ತು ಎಣಿಸುವಷ್ಟರಲ್ಲಿ ನರಹುಲಿಯೂ ಅದರ ಸುತ್ತಲಿನ ಚರ್ಮವೂ ಬೆಳ್ಳಗೆ ಗಟ್ಟಿಯಾಗಿ, ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಬೆಣ್ಣೆಯ ಹಾಗಾಯಿತು. ಅದು ಕರಗಿದ ಮೇಲೆ ಇನ್ನೊಂದು ಸಲ ಹೊಡೆದರು. ಕತ್ತಿನಲ್ಲಿ ಜೋತುಬಿದ್ದಿದ್ದ ಎರಡು ಸಣ್ಣ ಚರ್ಮದ ಗಂಟು, ಸ್ಕಿನ್ ಟ್ಯಾಗ್ ಅಂತಾರಲ್ಲ, ಅವಕ್ಕೂ ಅದೇ ಪೂಜೆ ಆಯಿತು. ಹೊರಗೆ ಹದಿನೈದು ಜನ ಕಾಯುತ್ತಿದ್ದರು. ‘ನೀರು ತಾಗಿದರೆ ಪರವಾಗಿಲ್ಲ, ಬೊಬ್ಬೆ ಬರಬಹುದು, ಮೂರು ವಾರ ಬಿಟ್ಟು ಬನ್ನಿ’ ಅಂದರು. ಅಷ್ಟೇ.

ಮಾಡುವಾಗ ಚುಚ್ಚಿದ ಹಾಗೆ ನೋವಿತ್ತು, ತಡೆದುಕೊಂಡೆ. ನಿಜವಾದ ನೋವು ಬಸ್ಸಿನಲ್ಲಿ ಬರುವಾಗ ಶುರುವಾಯಿತು. ಬೆರಳು ಕರಗುತ್ತಾ ಬಂದ ಹಾಗೆ ಉರಿ, ಟಕ್ ಟಕ್ ಅಂತ ಮಿಡಿತ. ರಾತ್ರಿಗೆ ಊದಿತು. ಇವತ್ತು ಬೆಳಿಗ್ಗೆ ನೋಡಿದರೆ ಹುಣಸೆ ಬೀಜದಷ್ಟು ದೊಡ್ಡ ಬೊಬ್ಬೆ. ಬಣ್ಣ ನೇರಳೆ ಹಣ್ಣಿನದು. ಅತ್ತೆ ಅರಿಶಿನ ಕಲಸಿಕೊಂಡು ಬಂದು ನಿಂತಿದ್ದಾರೆ. ಪಕ್ಕದ ಮನೆಯವರು ಸೂಜಿ ಕಾಯಿಸಿ ಒಡೆದುಬಿಡು ಅನ್ನುತ್ತಾರೆ. ನಮ್ಮ ಮನೆಯಲ್ಲಿ ಸೂಜಿಗೇನು ಬರ, ಕೈ ತಡೆಯುತ್ತಿಲ್ಲ. ಏನು ಮಾಡಲಿ?

ಗುಬ್ಬಚ್ಚಿ | ಮಂಗಳವಾರ ರಾತ್ರಿ 9:52

ಒಡೆಯಬೇಡಿ ಮಾರಾಯ್ರೇ. ಸೂಜಿಯನ್ನು ಬೀರುವಿಗೆ ಹಾಕಿ ಬೀಗ ಹಾಕಿ.

ಡೈರಿಕ್ಯಾನ್ | ಮಂಗಳವಾರ ರಾತ್ರಿ 10:15

ಆ ಬಿಳಿ ಹೊಗೆ ನಮ್ಮ ಮನೆಯ ಹಳೇ ನೆಂಟ. ನಮ್ಮಪ್ಪ ಮಂಡ್ಯ ಕಡೆ ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡುತ್ತಿದ್ದರು. ಹೋರಿಯ ವೀರ್ಯದ ಕಡ್ಡಿಗಳನ್ನು ಇಡುವುದು ಇದೇ ದ್ರವ ಸಾರಜನಕದಲ್ಲಿ. ಮೈನಸ್ 196 ಡಿಗ್ರಿ. ಪಡಸಾಲೆಯ ಮೂಲೆಯಲ್ಲಿ ಆ ಕ್ಯಾನ್ ಇರುತ್ತಿತ್ತು, ಮುಚ್ಚಳ ತೆಗೆದರೆ ಹೊಗೆ ನೆಲದ ಮೇಲೆ ಹರಿಯುತ್ತಿತ್ತು. ನಮಗೆ ಸಿನಿಮಾ ನೋಡಿದ ಹಾಗೆ.

ಒಂದು ಸಲ ಸುರಿಯುವಾಗ ಸ್ವಲ್ಪ ಅಪ್ಪನ ಗಂಬೂಟಿನ ಒಳಗೆ ಇಳಿಯಿತು. ಬರಿಗಾಲ ಮೇಲೆ ಒಂದು ಹನಿ ಬಿದ್ದಿದ್ದರೆ ಉರುಳಿ ಹೋಗುತ್ತಿತ್ತು. ಕಾಲುಚೀಲದಲ್ಲಿ ಸಿಕ್ಕಿಕೊಂಡಿತಲ್ಲ, ಅದೇ ಆಗಿದ್ದು. ಮಾರನೇ ದಿನ ಹಿಮ್ಮಡಿಯ ಮೇಲೆ ಇದೇ ನೇರಳೆ ಬಣ್ಣದ ಬೊಬ್ಬೆ, ಗುಂಡು ಬದನೆಕಾಯಿಯ ಹಾಗೆ. ಅಪ್ಪ ಜಾಲಿ ಮುಳ್ಳಲ್ಲಿ ಒಡೆದರು, ಮೇಲಿನ ಚರ್ಮ ಕಿತ್ತು ಬಿಸಾಡಿದರು, ಸಂಜೆ ಕೊಟ್ಟಿಗೆಗೆ ಹೋದರು. ಆಮೇಲೆ ಕೀವು, ಜ್ವರ, ಒಂದು ತಿಂಗಳು ಕುಂಟು. ಆ ಬೊಬ್ಬೆ ಏನೂ ಮಾಡಿರಲಿಲ್ಲ ಪಾಪ. ಮಾಡಿದ್ದೆಲ್ಲ ಮುಳ್ಳು.

ಹಳೇಬೇರು | ಮಂಗಳವಾರ ರಾತ್ರಿ 10:31

ಇಷ್ಟಕ್ಕೆಲ್ಲ ಆಸ್ಪತ್ರೆಗೆ ಯಾಕೆ ಹೋದಿರಿ ಅಂತ. ಎಕ್ಕದ ಹಾಲು ಎರಡು ವಾರ ಹಚ್ಚಿದ್ದರೆ ಬೇರು ಸಮೇತ ಬಿದ್ದು ಹೋಗುತ್ತಿತ್ತು. ನಮ್ಮಜ್ಜಿ ಉಪ್ಪು ಬೆಲ್ಲ ಕಲ್ಯಾಣಿಗೆ ಹಾಕಿಸುತ್ತಿದ್ದರು. ಉಪ್ಪು ಕರಗಿದ ಹಾಗೆ ನರಹುಲಿ ಕರಗುತ್ತೆ. ನನಗೇ ಹೋಗಿದೆ, ಕೈಯಲ್ಲಿ ಏಳು ಇದ್ದವು.

ತೆಂಕಣಗಾಳಿ | ಮಂಗಳವಾರ ರಾತ್ರಿ 10:44

ನಮ್ಮ ಉಡುಪಿ ಕಡೆ ಎಕ್ಕದ ಬದಲು ಗೇರೆಣ್ಣೆ. ಹತ್ತನೇ ಕ್ಲಾಸಿನಲ್ಲಿದ್ದಾಗ ಮೊಣಕೈಗೆ ಹಚ್ಚಿದರು. ನರಹುಲಿ ಹೋಯಿತು, ಹೌದು. ಅದರ ಜೊತೆ ಸುತ್ತಲಿನ ಚರ್ಮವೂ ಹೋಯಿತು. ಎಂಟಾಣೆಯಷ್ಟಗಲ ಸುಟ್ಟ ಕಲೆ ಇವತ್ತಿಗೂ ಇದೆ. ಅರ್ಧ ತೋಳಿನ ಅಂಗಿ ಹಾಕುವಾಗಲೆಲ್ಲ ಅಜ್ಜಿಯ ನೆನಪು.

ಬಿಳಿಕೋಟು | ಮಂಗಳವಾರ ರಾತ್ರಿ 11:20

ಚರ್ಮರೋಗ ವಿಭಾಗದಲ್ಲಿ ಪಿಜಿ, ಮೂರನೇ ವರ್ಷ. ಈಗಷ್ಟೇ ಡ್ಯೂಟಿ ಮುಗಿಯಿತು. ನಾನು ಬರೆಯುವುದು ಸಾಮಾನ್ಯ ಮಾತು. ಬೆರಳನ್ನು ಕಣ್ಣಾರೆ ನೋಡಿದ ಡಾಕ್ಟರ್ ಬೇರೆ ಹೇಳಿದರೆ ಅವರ ಮಾತು ಕೇಳಿ.

ಸೂಜಿದಾರ ಅವರೇ, ಗಾಬರಿ ಬೇಡ. ಆ ಬೊಬ್ಬೆ ಅಡ್ಡ ಪರಿಣಾಮ ಅನ್ನುವುದಕ್ಕಿಂತ ಚಿಕಿತ್ಸೆಯ ಭಾಗ ಅಂದುಕೊಳ್ಳಿ. ನರಹುಲಿಯ ವೈರಸ್ ಇರುವುದು ಚರ್ಮದ ಮೇಲಿನ ಪದರದಲ್ಲಿ. ಚಳಿ ಹೊಡೆದಾಗ ಆ ಪದರ ಕೆಳಗಿನ ಪದರದಿಂದ ಬಿಟ್ಟುಕೊಳ್ಳುತ್ತದೆ. ಬಿಟ್ಟ ಜಾಗದಲ್ಲಿ ನೀರು ತುಂಬುತ್ತದೆ. ಸಣ್ಣ ರಕ್ತನಾಳ ಒಡೆದಿದ್ದರೆ ನೀರಿನ ಬದಲು ರಕ್ತ, ಅದಕ್ಕೇ ನೇರಳೆ ಬಣ್ಣ. ಕೊಳೆತಿದೆ ಅಂತ ಅರ್ಥ ಅಲ್ಲ. ಬೊಬ್ಬೆಯ ಮೇಲಿನ ಚರ್ಮ ಇದೆಯಲ್ಲ, ಅದು ದುಡ್ಡಿಲ್ಲದೆ ಸಿಕ್ಕ ಬ್ಯಾಂಡೇಜು. ಅದರ ಕೆಳಗೆ ಹೊಸ ಚರ್ಮ ಆರಾಮವಾಗಿ ಬೆಳೆಯುತ್ತದೆ.

ದಿನಕ್ಕೊಮ್ಮೆ ಮಾಮೂಲಿ ಸೋಪು, ನೀರು. ಉಜ್ಜಬೇಡಿ, ಮೆತ್ತನೆ ಬಟ್ಟೆಯಲ್ಲಿ ಒತ್ತಿ ಒರೆಸಿ. ತೆಳ್ಳಗೆ ವ್ಯಾಸಲೀನ್. ಕೆಲಸ ಮಾಡುವಾಗ ಗಾಯಕ್ಕೆ ಅಂಟದ ಗಾಜ್ (ಜಾಳು ಬ್ಯಾಂಡೇಜ್ ಬಟ್ಟೆ) ಇಟ್ಟು ಸಡಿಲವಾಗಿ ಪಟ್ಟಿ ಸುತ್ತಿ. ಬಿಗಿಯಾಗಿ ಸುತ್ತಿದರೆ ಊತ ಜಾಸ್ತಿಯಾಗುತ್ತದೆ. ರಾತ್ರಿ ಮಿಡಿತ ಇದ್ದರೆ ಕೈಯನ್ನು ದಿಂಬಿನ ಮೇಲೆ, ಎದೆಗಿಂತ ಎತ್ತರದಲ್ಲಿಡಿ. ಬೇಕಿದ್ದರೆ ಒಂದು ಪ್ಯಾರಸಿಟಮಾಲ್. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್, ನೀರು ಬೆರೆಸದ ಡೆಟಾಲ್ ಇವು ಯಾವುವೂ ಬೇಡ. ಹೊಸ ಚರ್ಮವನ್ನೇ ಸುಡುತ್ತವೆ.

ಬೊಬ್ಬೆ ತುಂಬಾ ಬಿಗಿಯಾಗಿ ನೋವು ತಡೆಯಲಾಗದಿದ್ದರೆ ಕ್ಲಿನಿಕ್ಕಿಗೆ ಹೋಗಿ. ಅವರು ಸ್ಟೆರೈಲ್ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ಬಿಡುತ್ತಾರೆ, ಚಾವಣಿ ಹಾಗೇ ಉಳಿಸುತ್ತಾರೆ. ಪಕ್ಕದ ಮನೆಯವರ ಸೂಜಿಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ, ಆದರೆ ಇದೇ ದೊಡ್ಡದು.

ಅರಿಶಿನದ ಬಗ್ಗೆ: ಸಾರಿಗೆ ಹಾಕಿ. ಅಡುಗೆಮನೆ ಡಬ್ಬಿಯ ಪುಡಿ ಶುದ್ಧ ಅಲ್ಲ, ಕೆಲವರಿಗೆ ಅಲರ್ಜಿಯೂ ಆಗುತ್ತದೆ. ಮೇಲಾಗಿ ಹಳದಿ ಬಳಿದ ಮೇಲೆ ಸುತ್ತ ಕೆಂಪಾಗುತ್ತಿದೆಯಾ ಅಂತ ನಮಗೆ ಕಾಣುವುದೇ ಇಲ್ಲ. ಕಾಣಬೇಕಾದ್ದು ಅದೇ. ಮೊದಲ ಎರಡು ದಿನದ ಊತ, ಕೆಂಪು ಸಹಜ. ಮೂರನೇ ದಿನದ ನಂತರ ನೋವು ಇಳಿಯುವ ಬದಲು ಏರಿದರೆ, ಕೆಂಪು ಹರಡಿದರೆ, ಕೀವು ಅಥವಾ ಜ್ವರ ಬಂದರೆ ಕಾಯಬೇಡಿ, ತೋರಿಸಿ.

ಹಳೇಬೇರು ಅವರೇ, ಜಗಳ ಅಲ್ಲ, ಎರಡು ಮಾತು. ನರಹುಲಿಗೆ ಬೇರು ಇಲ್ಲ. ಒಳಗೆ ಕಾಣುವ ಕಪ್ಪು ಚುಕ್ಕೆಗಳು ರಕ್ತ ಹೆಪ್ಪುಗಟ್ಟಿದ ಸಣ್ಣ ನಾಳಗಳು. ಇನ್ನು ಉಪ್ಪು ಬೆಲ್ಲದ್ದು. ಮಕ್ಕಳ ನರಹುಲಿಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಎರಡು ವರ್ಷದೊಳಗೆ ತಾವಾಗಿಯೇ ಹೋಗುತ್ತವೆ. ಮೈಯ ರೋಗ ನಿರೋಧಕ ಶಕ್ತಿ ಕೊನೆಗೂ ವೈರಸ್ಸನ್ನು ಗುರುತು ಹಿಡಿಯುತ್ತದೆ, ಒಟ್ಟಿಗೆ ಏಳೂ ಮಾಯ. ಪುಣ್ಯ ಕಲ್ಯಾಣಿಯ ಪಾಲಿಗೆ. ಎಕ್ಕದ ಹಾಲಿಗಿಂತ ಉಪ್ಪು ಬೆಲ್ಲ ಎಷ್ಟೋ ವಾಸಿ ಬಿಡಿ, ಎಕ್ಕದ ಹಾಲು ಕಣ್ಣಿಗೆ ಹಾರಿದರೆ ಕಷ್ಟ.

ಹಳೇಬೇರು | ಬುಧವಾರ ಬೆಳಿಗ್ಗೆ 6:58

ಸರಿ ಡಾಕ್ಟರೇ. ಆದರೆ ನಿಮ್ಮ ಮಂಜುಗಡ್ಡೆಯಾದರೂ ಗ್ಯಾರಂಟಿನಾ?

ಬಿಳಿಕೋಟು | ಬುಧವಾರ ಮಧ್ಯಾಹ್ನ 2:10

ಅಲ್ಲ. ಒಳ್ಳೇ ಪ್ರಶ್ನೆ. 2011ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅಂಗಾಲಿನ ನರಹುಲಿಯ ಬಗ್ಗೆ ಒಂದು ಪ್ರಯೋಗ ಬಂತು. 240 ಜನ. ಅರ್ಧ ಜನಕ್ಕೆ ದ್ರವ ಸಾರಜನಕ, ಇನ್ನರ್ಧಕ್ಕೆ ಮನೆಯಲ್ಲೇ ದಿನಾ ಹಚ್ಚಲು 50 ಪರ್ಸೆಂಟ್ ಸ್ಯಾಲಿಸಿಲಿಕ್ ಆಸಿಡ್. 12 ವಾರಕ್ಕೆ ನೋಡಿದರೆ ಎರಡೂ ಕಡೆ ಪೂರ್ತಿ ವಾಸಿಯಾದವರು 14 ಪರ್ಸೆಂಟ್. ಅಂಗಾಲಿನ ದಪ್ಪ ಚರ್ಮದ ಲೆಕ್ಕ ಅದು. ಕೈಯಲ್ಲಿ ಇದಕ್ಕಿಂತ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೂ ಒಂದೇ ಸಲಕ್ಕೆ ಹೋಗುತ್ತದೆ ಅಂತ ನಾನು ಯಾವ ಪೇಷಂಟಿಗೂ ಹೇಳುವುದಿಲ್ಲ. ಎರಡು, ಮೂರು ವಾರಕ್ಕೊಮ್ಮೆ ಮೂರು ನಾಲ್ಕು ಸಲ ಬರಬೇಕಾಗಬಹುದು.

ಸೂಜಿದಾರ | ಬುಧವಾರ ರಾತ್ರಿ 8:30

ತುಂಬಾ ಥ್ಯಾಂಕ್ಸ್. ವ್ಯಾಸಲೀನ್ ತಂದೆ. ಅರಿಶಿನವನ್ನು ಅತ್ತೆ ಬೇಸರ ಮಾಡಿಕೊಂಡು ವಾಪಸ್ ತೆಗೆದುಕೊಂಡು ಹೋದರು. ಈಗ ಹೊಸ ಕಟ್ಟಳೆ: ಬದನೆಕಾಯಿ, ಕಡಲೆಬೇಳೆ, ಸೀಗಡಿ ಮೂರೂ ಬಂದ್. ನಂಜಂತೆ. ಇನ್ನು ಟಿಟಿ ಇಂಜೆಕ್ಷನ್ ಹಾಕಿಸಬೇಕಾ?

ಬಿಳಿಕೋಟು | ಬುಧವಾರ ರಾತ್ರಿ 10:05

ಬರೀ ಫ್ರೀಜಿಂಗ್ ಆಯಿತು ಅನ್ನುವ ಕಾರಣಕ್ಕೆ ಟಿಟಿ ಬೇಕಿಲ್ಲ. ಬದನೆಕಾಯಿಗೂ ಬೊಬ್ಬೆಗೂ ಸಂಬಂಧ ಇಲ್ಲ. ಆದರೆ ಎರಡು ವಾರ ಬದನೆಕಾಯಿ ತಿನ್ನದೆ ಯಾರೂ ಸತ್ತಿಲ್ಲ. ಅರಿಶಿನದಲ್ಲಿ ನೀವು ಗೆದ್ದಿದ್ದೀರಿ, ಬದನೆಕಾಯಿಯಲ್ಲಿ ಅತ್ತೆಗೆ ಬಿಡಿ.

ಸೂಜಿದಾರ | ಶುಕ್ರವಾರ ಸಂಜೆ 6:15

ಒಡೆಯಿತು! ನಾನು ಒಡೆದಿದ್ದಲ್ಲ, ದೇವರಾಣೆ. ಲೈನಿಂಗ್ ಬಟ್ಟೆ ಕತ್ತರಿಸುವಾಗ ಕತ್ತರಿಯ ಹಿಡಿ ಒತ್ತಿತು. ಪಟ್ ಅಂತ ಸದ್ದೂ ಆಗಲಿಲ್ಲ, ಸುಮ್ನೆ ಪಟ್ಟಿ ಒದ್ದೆಯಾಯಿತು. ಕೆಂಚು ನೀರು, ಟೀ ಡಿಕಾಕ್ಷನ್ ಬಣ್ಣದ್ದು. ಪುಣ್ಯಕ್ಕೆ ಮೇಜಿನ ಮೇಲಿದ್ದದ್ದು ಲೈನಿಂಗ್. ಪಕ್ಕದಲ್ಲೇ ಮದುಮಗಳ ಕೆನೆ ಬಣ್ಣದ ರೇಷ್ಮೆ ಇತ್ತು, ನೆನೆಸಿಕೊಂಡರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಚರ್ಮ ಕೀಳಲಿಲ್ಲ. ತೊಳೆದೆ, ಜೋತು ಬಿದ್ದ ಚರ್ಮವನ್ನು ಮೆಲ್ಲಗೆ ವಾಪಸ್ ಕೂರಿಸಿದೆ, ಪಟ್ಟಿ ಹಾಕಿದೆ. ಮೆಡಿಕಲ್ ಶಾಪಿನವರು ‘ಇದು ಎಲ್ಲದಕ್ಕೂ ಆಗುತ್ತೆ’ ಅಂತ ಒಂದು ಟ್ಯೂಬ್ ಕೊಟ್ಟಿದ್ದಾರೆ. ಹಚ್ಚಲಾ?

ಬಿಳಿಕೋಟು | ಶುಕ್ರವಾರ ಸಂಜೆ 6:22

ಹಚ್ಚಬೇಡಿ. ಟ್ಯೂಬಿನ ಹಿಂದೆ ಏನು ಬರೆದಿದೆ ಓದಿ ಹೇಳಿ.

ಸೂಜಿದಾರ | ಶುಕ್ರವಾರ ಸಂಜೆ 6:31

ಕ್ಲೋಬೆಟಾಸಾಲ್, ನಿಯೋಮೈಸಿನ್, ಮೈಕೊನಜೋಲ್. ಅಕ್ಷರ ಎಷ್ಟು ಸಣ್ಣದು ಅಂದರೆ ಸೂಜಿಗೆ ದಾರ ಪೋಣಿಸುವ ಕನ್ನಡಕ ಹಾಕಿಕೊಂಡೆ.

ಬಿಳಿಕೋಟು | ಶುಕ್ರವಾರ ಸಂಜೆ 6:50

ಅಂದುಕೊಂಡದ್ದೇ. ಮೊದಲನೆಯದು ಬಲವಾದ ಸ್ಟೆರಾಯ್ಡ್. ಗಾಯ ಮಾಯುವುದನ್ನು ನಿಧಾನ ಮಾಡುತ್ತದೆ, ಚರ್ಮ ತೆಳ್ಳಗೆ ಮಾಡುತ್ತದೆ, ಸ್ಥಳೀಯವಾಗಿ ರೋಗ ನಿರೋಧಕ ಶಕ್ತಿಯನ್ನೂ ತಗ್ಗಿಸುತ್ತದೆ. ವೈರಸ್ಸಿಗೆ ಹಬ್ಬ. ಎರಡನೆಯದು ಆಂಟಿಬಯೋಟಿಕ್, ಅಲರ್ಜಿಗೆ ಹೆಸರುವಾಸಿ. ಮೂರನೆಯದು ಹುಳುಕಡ್ಡಿಗೆ. ನಿಮಗೆ ಹುಳುಕಡ್ಡಿ ಇಲ್ಲ. ಸ್ಟೆರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ 2018ರಲ್ಲಿ ಕೇಂದ್ರ ಸರ್ಕಾರ ನಿಯಮ ಬಿಗಿ ಮಾಡಿತು. ಆದರೂ ನಮ್ಮ ಓಪಿಡಿಯಲ್ಲಿ ದಿನಕ್ಕೆ ಒಬ್ಬರಾದರೂ ಇಂಥ ಟ್ಯೂಬ್ ಹಿಡಿದುಕೊಂಡು ಬರುತ್ತಾರೆ. ಎಲ್ಲದಕ್ಕೂ ಆಗುತ್ತೆ ಅನ್ನುವ ಟ್ಯೂಬ್ ಕಂಡರೆ ನನಗೆ ತಲೆ ಕೆಡುತ್ತದೆ.

ವ್ಯಾಸಲೀನ್ ಸಾಕು. ಸೋಂಕಿಲ್ಲದ ಗಾಯಕ್ಕೆ ಆಂಟಿಬಯೋಟಿಕ್ ಮುಲಾಮು ಬೇಕಿಲ್ಲ. ಮುಸುರೆ ತೊಳೆಯುವಾಗ ಗ್ಲೌಸ್ ಹಾಕಿ. ಸ್ನಾನ ಮಾಡಬಹುದು. ಗಾಯ ಮುಚ್ಚುವ ತನಕ ಕೆರೆ, ಈಜುಕೊಳ ಬೇಡ. ನಿಮ್ಮ ಟವೆಲ್ ಬೇರೆ ಇಟ್ಟುಕೊಳ್ಳಿ, ನರಹುಲಿ ಅಂಟುತ್ತದೆ.

ಮೈಸೂರುಪಾಕ್ | ಶುಕ್ರವಾರ ರಾತ್ರಿ 9:00

ಇಲ್ಲೇ ಕೇಳುತ್ತೇನೆ, ಕ್ಷಮಿಸಿ. ಅಪ್ಪನಿಗೆ 68, ಶುಗರ್ ಇದೆ. ಅಂಗಾಲಿನಲ್ಲಿ ಆಣಿಯೋ ನರಹುಲಿಯೋ ಗೊತ್ತಿಲ್ಲ. ಮೊಣಕಾಲ ಕೆಳಗೂ ಒಂದು ಒರಟು ಕಪ್ಪು ಮಚ್ಚೆ. ಎರಡನ್ನೂ ಫ್ರೀಜ್ ಮಾಡಿಸೋಣ ಅಂತಿದ್ದೆ.

ಬಿಳಿಕೋಟು | ಶುಕ್ರವಾರ ರಾತ್ರಿ 11:40

ನಿಲ್ಲಿ. ಶುಗರ್ ಇರುವವರ ಕಾಲಿನಲ್ಲಿ ರಕ್ತ ಓಡಾಟ, ಸ್ಪರ್ಶಜ್ಞಾನ ಎರಡೂ ಕಡಿಮೆ ಇರಬಹುದು. ಡಾಕ್ಟರಿಗೆ ಶುಗರ್ ವಿಷಯ ಮೊದಲೇ ಹೇಳಿ, ಅವರು ಕಾಲಿನ ನಾಡಿ ನೋಡಿ ನಿರ್ಧರಿಸಲಿ. ಕೆಳಗಾಲಿನ ಗಾಯ ಆರೋಗ್ಯವಂತರಿಗೇ ನಿಧಾನ. ಮುಖದಲ್ಲಿ ಹಕ್ಕಳೆ ಹೆಚ್ಚೆಂದರೆ ಹತ್ತು ದಿನಕ್ಕೆ ಬೀಳುತ್ತದೆ, ಕೈಯಲ್ಲಿ ಮೂರು ವಾರ, ಮೊಣಕಾಲ ಕೆಳಗೆ ಕೆಲವೊಮ್ಮೆ ಮೂರು ತಿಂಗಳು.

ಕಪ್ಪು ಮಚ್ಚೆಯನ್ನು ಏನೆಂದು ಗೊತ್ತಿಲ್ಲದೆ ಫ್ರೀಜ್ ಮಾಡಿಸಲೇಬೇಡಿ. ಫ್ರೀಜ್ ಮಾಡಿದ ಮೇಲೆ ಪರೀಕ್ಷೆಗೆ ಕಳಿಸಲು ಏನೂ ಉಳಿಯುವುದಿಲ್ಲ. ವಯಸ್ಸಾದವರಲ್ಲಿ ಅದು ನಿರಪಾಯದ ಒರಟು ಮಚ್ಚೆ ಆಗಿರುವುದೇ ಜಾಸ್ತಿ, ಆದರೂ ಮೊದಲು ಡಾಕ್ಟರ್ ಭೂತಗನ್ನಡಿ ಇಟ್ಟು ನೋಡಲಿ.

ಟೊರೊಂಟೊಗೌಡ | ಶನಿವಾರ ಬೆಳಿಗ್ಗೆ 7:10

ಇಲ್ಲಿ ಕೆನಡಾದಲ್ಲಿ ಮನೆಯಲ್ಲೇ ಫ್ರೀಜ್ ಮಾಡಿಕೊಳ್ಳುವ ಕಿಟ್ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಸಣ್ಣ ಸ್ಪ್ರೇ ಡಬ್ಬಿ, ತುದಿಗೆ ಸ್ಪಂಜು. ಮಗನ ಬೆರಳಿಗೆ ಎರಡು ಸಲ ಮಾಡಿದೆ. ಬೊಬ್ಬೆಯೂ ಬರಲಿಲ್ಲ, ನರಹುಲಿಯೂ ಹೋಗಲಿಲ್ಲ. ಯಾಕೆ?

ಡೈರಿಕ್ಯಾನ್ | ಶನಿವಾರ ಬೆಳಿಗ್ಗೆ 8:02

ಇದಕ್ಕೆ ನಾನು ಹೇಳಬಲ್ಲೆ. ಆ ಡಬ್ಬಿಯಲ್ಲಿರುವುದು ಸಾರಜನಕ ಅಲ್ಲ. ಡೈಮೀಥೈಲ್ ಈಥರ್, ಪ್ರೊಪೇನ್ ಮಿಶ್ರಣ. ಎಷ್ಟು ತಂಪಾದರೂ ಮೈನಸ್ 57ರ ಆಸುಪಾಸು. ಸ್ಪಂಜು ಚರ್ಮಕ್ಕೆ ತಾಗುವಷ್ಟರಲ್ಲಿ ಅದೂ ಇಲ್ಲ. 196 ಎಲ್ಲಿ, ಇದು ಎಲ್ಲಿ. ಹತ್ತಿ ಉರಿಯುವ ಅನಿಲ ಬೇರೆ, ಒಲೆ ಹತ್ತಿರ ಇಡಬೇಡಿ.

ಹಾಗಂತ ಯಾರೂ ಡೈರಿ ಕ್ಯಾನಿಗೆ ಹತ್ತಿ ಅದ್ದಿ ಹಚ್ಚಿಕೊಳ್ಳಬೇಡಿ. ನಮ್ಮೂರಲ್ಲಿ ಒಬ್ಬ ಮಹಾನುಭಾವ ಮಾಡಿದ್ದ. 2024ರಲ್ಲಿ ದಾವಣಗೆರೆಯಲ್ಲಿ ಒಬ್ಬ ಹುಡುಗ ಸ್ಮೋಕ್ ಬಿಸ್ಕತ್ ತಿಂದು ನರಳಿದ ವಿಡಿಯೋ ಎಲ್ಲರೂ ನೋಡಿದ್ದೀರಿ ಅಲ್ವಾ? ಆಮೇಲೆ ರಾಜ್ಯ ಸರ್ಕಾರ ತಿನಿಸಿನ ಜೊತೆ ದ್ರವ ಸಾರಜನಕ ಕೊಡುವುದನ್ನೇ ನಿಷೇಧಿಸಿತು. ಅದು ಇದೇ ಹೊಗೆ.

ಬೆಳ್ಳಿಚುಕ್ಕಿ | ಶನಿವಾರ ಮಧ್ಯಾಹ್ನ 1:25

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಬೊಬ್ಬೆ, ಹಕ್ಕಳೆ ಎಲ್ಲ ಮಾತಾಡಿದಿರಿ, ಬಣ್ಣದ ಬಗ್ಗೆ ಒಬ್ಬರೂ ಹೇಳಲಿಲ್ಲ.

ನನ್ನ ಮದುವೆಗೆ ಐದು ವಾರ ಇತ್ತು. ಕೆನ್ನೆಯ ಮೇಲೆ ಚಪ್ಪಟೆ ನರಹುಲಿ, ಮೂರು. ಒಂದು ಕ್ಲಿನಿಕ್ಕಿನಲ್ಲಿ ಐದು ನಿಮಿಷದಲ್ಲಿ ಫ್ರೀಜ್ ಮಾಡಿ ಕಳಿಸಿದರು. ಗಾಯ ಚೆನ್ನಾಗಿಯೇ ಮಾಗಿತು. ಒಂಬತ್ತನೇ ದಿನ ಹಕ್ಕಳೆ ಬಿತ್ತು, ಕೆಳಗೆ ಗುಲಾಬಿ ಬಣ್ಣ, ಖುಷಿಪಟ್ಟೆ. ಆಮೇಲೆ ಗುಲಾಬಿ ಹೋಗಿ ಬಿಳಿ ಉಳಿಯಿತು. ಸುತ್ತ ಒಂದು ಕಪ್ಪು ಉಂಗುರ. ಗೋಧಿ ಬಣ್ಣದ ಕೆನ್ನೆಯ ಮೇಲೆ ಮೂರು ಬಿಳಿ ಚುಕ್ಕಿ. ಮದುವೆ ಫೋಟೋದಲ್ಲಿ ಮೇಕಪ್ ಮುಚ್ಚಿತು. ಈಗ ಎರಡು ವರ್ಷ. ಎರಡು ಚುಕ್ಕಿ ಬಣ್ಣ ಹಿಡಿದಿವೆ, ಒಂದು ಹಾಗೇ ಇದೆ. ಹೀಗಾಗಬಹುದು ಅಂತ ಮೊದಲೇ ಒಂದು ಮಾತು ಹೇಳಿದ್ದರೆ ನಾನು ನರಹುಲಿಯನ್ನೇ ಇಟ್ಟುಕೊಳ್ಳುತ್ತಿದ್ದೆ.

ಬಿಳಿಕೋಟು | ಶನಿವಾರ ರಾತ್ರಿ 9:15

ಬೆಳ್ಳಿಚುಕ್ಕಿ ಅವರೇ, ನಾನು ಮೊದಲ ಉತ್ತರದಲ್ಲೇ ಬರೆಯಬೇಕಿತ್ತು. ತಪ್ಪು ನನ್ನದು. ಗಾಯದ ಮಾತಿನಲ್ಲಿ ಬಣ್ಣ ಮರೆತುಹೋಗುತ್ತದೆ. ನಮ್ಮ ಪುಸ್ತಕಗಳಲ್ಲಿ ಹೆಚ್ಚಿನ ಚಿತ್ರಗಳು ಬಿಳಿ ಚರ್ಮದವು, ಅಲ್ಲಿ ಈ ಬಿಳಿ ಚುಕ್ಕಿ ಎದ್ದು ಕಾಣುವುದಿಲ್ಲ.

ಕಾರಣ ಇದು. ಚರ್ಮಕ್ಕೆ ಬಣ್ಣ ಕೊಡುವ ಮೆಲನೋಸೈಟ್ ಕೋಶ ಚಳಿಗೆ ತೀರಾ ನಾಜೂಕು. ಸೊನ್ನೆಗಿಂತ 4ರಿಂದ 7 ಡಿಗ್ರಿ ಕೆಳಗೆ ಹೋದರೆ ಸಾಕು, ಸಾಯುತ್ತದೆ. ನರಹುಲಿ ಇರುವ ಚರ್ಮದ ಕೋಶ ಸಾಯಲು ಮೈನಸ್ 20, 30 ಬೇಕು. ಅಂದರೆ ನರಹುಲಿ ಸಾಯುವಷ್ಟು ಫ್ರೀಜ್ ಮಾಡಿದರೆ ಬಣ್ಣದ ಕೋಶ ಅದಕ್ಕಿಂತ ಮೊದಲೇ, ಅದಕ್ಕಿಂತ ಅಗಲಕ್ಕೆ ಸತ್ತಿರುತ್ತದೆ. ಸುತ್ತಲಿನ ಕಪ್ಪು ಉಂಗುರ ಉರಿಯೂತದಿಂದ ಬಂದದ್ದು, ಅದು ತಿಂಗಳುಗಳಲ್ಲಿ ತಿಳಿಯಾಗುತ್ತದೆ. ಬಿಳಿಗೆ ಬಣ್ಣ ಬರುವುದು ಅಂಚಿನಿಂದ, ಕೂದಲಿನ ಬುಡದಿಂದ. ಸಾಮಾನ್ಯವಾಗಿ ಬರುತ್ತದೆ, ಕೆಲವೊಮ್ಮೆ ಪೂರ್ತಿ ಬರುವುದೇ ಇಲ್ಲ. ಹಾಗಾಗಿ ನಮ್ಮ ಬಣ್ಣದವರ ಮುಖಕ್ಕೆ ಫ್ರೀಜಿಂಗ್ ಮಾಡುವ ಮೊದಲು ಬೇರೆ ದಾರಿ ಇದೆಯಾ ಅಂತ ಕೇಳಲೇಬೇಕು. ಮನೆಯಲ್ಲಿ ಯಾರಿಗಾದರೂ ತೊನ್ನು ಇದ್ದರೆ ಅಥವಾ ನಿಮಗೇ ಇದ್ದರೆ ಅದನ್ನೂ ಹೇಳಬೇಕು. ತೊನ್ನು ಇರುವವರಿಗೆ ಚರ್ಮಕ್ಕೆ ಪೆಟ್ಟಾದ ಜಾಗದಲ್ಲಿ ಹೊಸ ಮಚ್ಚೆ ಏಳಬಹುದು.

ನಿಮ್ಮ ಕೈಯಲ್ಲಿರುವುದು ಎರಡೇ. ಹಕ್ಕಳೆ ಕೀಳದಿರುವುದು. ಬಿದ್ದ ಮೇಲೆ ಬಿಸಿಲಿಗೆ ತೋರಿಸದಿರುವುದು. ಹೊಸ ಚರ್ಮ ಮುಚ್ಚಿಕೊಂಡ ಮೇಲೆ ಎಸ್‌ಪಿಎಫ್ 30 ಅಥವಾ ಅದಕ್ಕೂ ಹೆಚ್ಚಿನ ಸನ್‌ಸ್ಕ್ರೀನ್, ಕೆಲವು ತಿಂಗಳು.

ಸೂಜಿದಾರ | ಹನ್ನೆರಡನೇ ದಿನ, ರಾತ್ರಿ 10:00

ವರದಿ ಒಪ್ಪಿಸುತ್ತೇನೆ.

ಕತ್ತಿನ ಒಂದು ಸ್ಕಿನ್ ಟ್ಯಾಗ್ ಕಪ್ಪಾಗಿ ಒಣದ್ರಾಕ್ಷಿಯ ಹಾಗೆ ಮುರುಟಿ ಹೋದ ಭಾನುವಾರ ಬಿತ್ತು. ಎಲ್ಲಿ ಬಿತ್ತು ಅಂತಲೂ ಗೊತ್ತಿಲ್ಲ. ಇನ್ನೊಂದು ತಾಳಿ ಸರ ಉಜ್ಜುವ ಜಾಗದಲ್ಲಿತ್ತು, ರಗಳೆ ಮಾಡಿತು. ಹಕ್ಕಳೆ ಕಟ್ಟುತ್ತಿದ್ದ ಹಾಗೇ ಸರ ಎಳೆದು ರಕ್ತ. ಸರ ತೆಗೆದಿಡುತ್ತೇನೆ ಅಂದದ್ದಕ್ಕೆ ಅತ್ತೆಯ ಮುಖ ನೋಡಬೇಕಿತ್ತು. ಕೊನೆಗೆ ಕೆಲಸ ನಮ್ಮದೇ ಅಲ್ವಾ, ಮೆತ್ತನೆ ಮಲ್ ಬಟ್ಟೆಯಲ್ಲಿ ಕೊಳವೆಯ ಹಾಗೆ ಹೊಲಿದು ಸರವನ್ನು ಅದರೊಳಗೆ ತೂರಿಸಿದೆ. ಎರಡು ದಿನದಲ್ಲಿ ಒಣಗಿತು. ಈಗ ಅತ್ತೆ ತಮಗೂ ಒಂದು ಹೊಲಿದುಕೊಡು ಅಂತಿದ್ದಾರೆ, ಸೆಕೆಗೆ ಸರ ಕಚ್ಚುತ್ತದಂತೆ.

ಬೆರಳಿನದು ನಿನ್ನೆ ಬಿತ್ತು. ಸ್ನಾನ ಮಾಡುವಾಗ ಟೋಪಿ ಕಳಚಿದ ಹಾಗೆ ಇಡಿಯಾಗಿ ಬಂತು. ಕೆಳಗೆ ಗುಲಾಬಿ ಚರ್ಮ, ಹೊಳಪು. ಕಿಟಕಿ ಬೆಳಕಿಗೆ ಹಿಡಿದು ನೋಡಿದೆ. ಮಧ್ಯದಲ್ಲಿ ಎರಡು ಕಪ್ಪು ಚುಕ್ಕೆ ಇನ್ನೂ ಇವೆ. ಬೆರಳಿನ ಆ ಪಕ್ಕ ಮರಗಟ್ಟಿದೆ. ಸೂಜಿ ತಾಗಿದರೂ ಗೊತ್ತಾಗುತ್ತಿಲ್ಲ. ಟೈಲರಿಗೆ ಇದು ಭಯದ ವಿಷಯ.

ಬಿಳಿಕೋಟು | ಹದಿಮೂರನೇ ದಿನ, ಬೆಳಿಗ್ಗೆ 7:30

ಮಲ್ ಬಟ್ಟೆಯ ಐಡಿಯಾ ನಮ್ಮ ಪೇಷಂಟುಗಳಿಗೂ ಹೇಳುತ್ತೇನೆ.

ಮರಗಟ್ಟಿದ್ದಕ್ಕೆ ಕಾರಣ, ಬೆರಳಿನ ಎರಡೂ ಪಕ್ಕದಲ್ಲಿ ಚರ್ಮದ ಕೆಳಗೇ ನರ ಓಡುತ್ತದೆ. ಚಳಿ ಅದಕ್ಕೂ ತಟ್ಟಿದೆ. ಸಾಮಾನ್ಯವಾಗಿ ವಾಪಸ್ ಬರುತ್ತದೆ, ವಾರಗಳಾಗಬಹುದು, ತಿಂಗಳುಗಳೂ ಆಗಬಹುದು. ಮುಂದಿನ ಸಲ ಡಾಕ್ಟರಿಗೆ ಇದನ್ನು ಮೊದಲು ಹೇಳಿ. ಅವರು ಕಡಿಮೆ ಹೊತ್ತು ಹೊಡೆಯುತ್ತಾರೆ ಅಥವಾ ಬೇರೆ ದಾರಿ ಹಿಡಿಯುತ್ತಾರೆ. ಅಲ್ಲಿಯವರೆಗೆ ಬಿಸಿ ಪಾತ್ರೆ, ಇಸ್ತ್ರಿ ಪೆಟ್ಟಿಗೆ ಹುಷಾರು. ಬಿಸಿಯೂ ಗೊತ್ತಾಗುವುದಿಲ್ಲ.

ಕಪ್ಪು ಚುಕ್ಕೆ ಇದ್ದರೆ ನರಹುಲಿ ಇನ್ನೂ ಸ್ವಲ್ಪ ಇದೆ. ಅದಕ್ಕಿಂತ ಒಳ್ಳೇ ಗುರುತು ಹೇಳಲಾ? ಬೆರಳಚ್ಚಿನ ಗೆರೆ ನೋಡಿ. ನರಹುಲಿ ಇರುವ ಕಡೆ ಗೆರೆಗಳು ಅದನ್ನು ಬಳಸಿಕೊಂಡು ಪಕ್ಕಕ್ಕೆ ಹೋಗುತ್ತವೆ, ನದಿ ಬಂಡೆಯನ್ನು ಬಳಸಿದ ಹಾಗೆ. ವಾಸಿಯಾದಾಗ ಗೆರೆಗಳು ಆ ಜಾಗದ ಮೇಲೇ ನೇರ ಹಾದುಹೋಗುತ್ತವೆ. ಅಂಚನ್ನೂ ಗಮನಿಸಿ. ಕೆಲವರಿಗೆ ಬೊಬ್ಬೆಯ ಅಂಚಿನಲ್ಲಿ ಉಂಗುರದ ಹಾಗೆ ಹೊಸ ನರಹುಲಿ ಏಳುತ್ತದೆ, ನಡುವೆ ಖಾಲಿ, ಉದ್ದಿನ ವಡೆಯ ಆಕಾರ.

ಹಳೇಬೇರು | ಹದಿಮೂರನೇ ದಿನ, ಬೆಳಿಗ್ಗೆ 8:05

ಅಯ್ಯೋ, ಇನ್ನು ವಡೆ ತಿನ್ನುವುದು ಹೇಗೆ.

ಸೂಜಿದಾರ | ಒಂಬತ್ತನೇ ವಾರ

ತಡವಾಯಿತು, ಮದುವೆ ಸೀಸನ್. ರಾತ್ರಿ ಒಂದು ಗಂಟೆಯವರೆಗೆ ಮಷೀನು.

ನಾಲ್ಕನೇ ವಾರ ಎರಡನೇ ಸಲ ಹೋದೆ. ಮರಗಟ್ಟಿದ್ದು ಹೇಳಿದೆ, ಬಣ್ಣದ ಬಗ್ಗೆಯೂ ಕೇಳಿದೆ. ಡಾಕ್ಟರ್ ಒಂದು ಕ್ಷಣ ತಲೆಯೆತ್ತಿ ನೋಡಿದರು. ಈ ಸಲ ಐದು ಎಣಿಸುವಷ್ಟು ಮಾತ್ರ, ಒಂದೇ ಸುತ್ತು. ಬೊಬ್ಬೆ ತೊಗರಿ ಬೇಳೆಯಷ್ಟು, ತಿಳಿ ನೀರು. ನಾಲ್ಕು ದಿನಕ್ಕೆ ತಾನೇ ಇಳಿಯಿತು. ಕಪ್ಪು ಚುಕ್ಕೆ ಹೋಗಿವೆ. ನಿನ್ನೆ ಬೆರಳಿಗೆ ಸೀಮೆಸುಣ್ಣದ ಪುಡಿ ಸವರಿ ಬೆಳಕಿಗೆ ಹಿಡಿದೆ. ಗೆರೆಗಳು ನೇರ ಹಾದುಹೋಗಿವೆ. ಅತ್ತೆಯನ್ನೂ ಕರೆದು ತೋರಿಸಿದೆ. ‘ಬದನೆಕಾಯಿ ಬಿಟ್ಟಿದ್ದಕ್ಕೆ’ ಅಂದರು.

ಆದರೆ ಬೆಳ್ಳಿಚುಕ್ಕಿ ಹೇಳಿದ್ದು ನನಗೂ ಆಗಿದೆ. ಸಬ್ಬಕ್ಕಿಯಷ್ಟು ಬಿಳಿ. ಬೆರಳಲ್ಲಿ ತಾನೆ, ಬಿಡು ಅಂದುಕೊಂಡಿದ್ದೆ. ಮೊನ್ನೆ ಅಳತೆ ತೆಗೆಯುವಾಗ ಒಬ್ಬ ಗಿರಾಕಿ ಕೈ ನೋಡಿ ಒಂದು ಹೆಜ್ಜೆ ಹಿಂದೆ ಸರಿದರು. ‘ತೊನ್ನಾ?’ ಅಂದರು. ಬಾಯಿಗೆ ಮೊದಲು ಬಂದ ಉತ್ತರ ‘ಅಲ್ಲ ಅಲ್ಲ’. ಆಮೇಲೆ ಇಡೀ ಸಂಜೆ ಅದೇ ಕೊರೆಯಿತು. ಹೌದು ಅಂದಿದ್ದರೆ ಏನಾಗುತ್ತಿತ್ತು? ತೊನ್ನು ಅಂಟುವ ರೋಗವೇ ಅಲ್ಲ. ಅಂಟುವುದು ನರಹುಲಿ. ಎರಡು ವರ್ಷ ಅದೇ ಬೆರಳಲ್ಲಿ ಅವರ ಬ್ಲೌಸ್ ಹೊಲಿದಿದ್ದೇನೆ, ಆಗ ಯಾರೂ ಹಿಂದೆ ಸರಿದಿರಲಿಲ್ಲ.

ಬೆಳ್ಳಿಚುಕ್ಕಿ | ಒಂಬತ್ತನೇ ವಾರ

ನನ್ನ ವಿಷಯದಲ್ಲಿ ತವರು ಮನೆಯವರನ್ನೇ ಕರೆದು ‘ತೊನ್ನಾ?’ ಅಂತ ಕೇಳಿದ್ದರು. ಬನ್ನಿ, ಕೂತು ಮಾತಾಡೋಣ ಯಾವಾಗಾದರೂ. ಸ್ಪರ್ಶ ವಾಪಸ್ ಬಂತಾ?

ಸೂಜಿದಾರ | ಒಂಬತ್ತನೇ ವಾರ

ಮುಕ್ಕಾಲು ಪಾಲು ಬಂದಿದೆ. ಮೊದಲು ಜುಮ್ಮೆನ್ನುತ್ತಿತ್ತು, ಈಗ ಸೂಜಿ ತಾಗಿದರೆ ಚುರುಕ್ ಅನ್ನುತ್ತದೆ. ಅಂಗುಸ್ತಾನ ಮತ್ತೆ ಹಾಕುತ್ತಿದ್ದೇನೆ. ನರಹುಲಿ ಇದ್ದಾಗ ಕೊಂಡಿದ್ದು, ಈಗ ಸಡಿಲ. ಒಂದು ಸುತ್ತು ಬಟ್ಟೆ ತುಂಡು ಸುತ್ತಿ ಹಾಕಿಕೊಂಡಿದ್ದೇನೆ.